ಬಾಯಿ ಮುಚ್ಚಿಸಿಕೊಂಡ ಹುಡುಗನ ಪರವಾಗಿ

ಅಮೆರಿಕದ ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ನಲ್ಲಿ ‘ಡೇಟಾಲೋರ್’ ಎಂಬ ಕಂತಿದೆ. ಪ್ರಸಾರವಾದದ್ದು 1988ರ ಜನವರಿಯಲ್ಲಿ. ಎಂಟರ್‌ಪ್ರೈಸ್ ನೌಕೆಯ ಯಂತ್ರಮಾನವ ಅಧಿಕಾರಿ ಡೇಟಾನ ಜಾಗಕ್ಕೆ ಅವನದೇ ಪಡಿಯಚ್ಚಿನಂಥ ದುಷ್ಟ ಸೋದರ ಲೋರ್ ಬಂದು ಸೇರಿಕೊಂಡಿದ್ದಾನೆ. ಹಿರಿಯ ಅಧಿಕಾರಿಗಳಿಗೆ ಇದು ಹೊಳೆದಿಲ್ಲ. ನೌಕೆಯ ವೈದ್ಯೆಯ ಮಗ, ಹದಿಹರೆಯದ ವೆಸ್ಲಿ ಕ್ರಷರ್‌ಗೆ ಹೊಳೆದಿದೆ. ಅವನು ನಿಯಂತ್ರಣ ಕೊಠಡಿಯಲ್ಲಿ ನಿಂತು ಅದನ್ನು ಹೇಳಲು ಹೋಗುತ್ತಾನೆ. ಕ್ಯಾಪ್ಟನ್ ಪಿಕಾರ್ಡ್ ‘ಬಾಯಿ ಮುಚ್ಚು, ವೆಸ್ಲಿ’ ಎಂದು ಗದರುತ್ತಾನೆ. ಪಕ್ಕದಲ್ಲಿದ್ದ ತಾಯಿಯೂ ಅದನ್ನೇ ಹೇಳುತ್ತಾಳೆ. ಇದೇ ಮಾತನ್ನು ದೊಡ್ಡ ಅಧಿಕಾರಿಯೊಬ್ಬ ಆಡಿದ್ದರೆ ನೀವು ಕೇಳುತ್ತಿದ್ದಿರಿ ಎಂದು ಹುಡುಗ ಉತ್ತರ ಕೊಡುತ್ತಾನೆ. ಅವನನ್ನು ಕೋಣೆಗೆ ಕಳಿಸಲಾಗುತ್ತದೆ. ಕೊನೆಗೆ ನೌಕೆಗೆ ಬಂದ ಅಪಾಯ ಅವನು ಹೇಳಿದ ಕಡೆಯಿಂದಲೇ ಬಂದಿತ್ತು ಎಂಬುದು ಎಲ್ಲರಿಗೂ ತಿಳಿಯುತ್ತದೆ.

ಆ ಕಂತಿನಿಂದ ಅಭಿಮಾನಿ ಲೋಕ ಎತ್ತಿಕೊಂಡದ್ದು ಹುಡುಗನ ಉತ್ತರವನ್ನಲ್ಲ, ಆ ಗದರಿಕೆಯನ್ನು. ಅದು ಬಾಯಿಂದ ಬಾಯಿಗೆ ಹರಿದು ನಗೆಮಾತಾಯಿತು. ಅಂತರಜಾಲದ ಆರಂಭದ ದಿನಗಳಲ್ಲಿ ವೆಸ್ಲಿ ಸಾಯಲಿ ಎಂಬ ಹಾರೈಕೆಯನ್ನೇ ಹೆಸರಾಗಿಸಿಕೊಂಡ ಚರ್ಚಾಗುಂಪೊಂದು ಯೂಸ್‌ನೆಟ್‌ನಲ್ಲಿ ಹುಟ್ಟಿತು. ವೈಜ್ಞಾನಿಕ ಕಥೆಗಳ ಟೆಲಿವಿಷನ್ ಚರಿತ್ರೆಯಲ್ಲಿ ಇಷ್ಟೊಂದು ದ್ವೇಷ ಉಂಡ ಎಳೆಯ ಪಾತ್ರಗಳು ಬಹಳ ಇಲ್ಲ. ಈ ದ್ವೇಷ ಅನ್ಯಾಯದ್ದು ಎಂದು ನಾನು ನಂಬಿದ್ದೇನೆ. ವೆಸ್ಲಿ ಮುದ್ದಾದ ಹುಡುಗ, ಅವನನ್ನು ಬಿಟ್ಟುಬಿಡಿ ಎಂಬ ಕನಿಕರದ ವಾದ ನನ್ನದಲ್ಲ. ಏಳು ಸೀಸನ್ನುಗಳ ಆ ಧಾರಾವಾಹಿಯಲ್ಲಿ ನಿಜವಾಗಿ ಬೆಳೆದ, ಬೆಳವಣಿಗೆಗೆ ದುಬಾರಿ ಬೆಲೆ ತೆತ್ತ ಪಾತ್ರ ಅವನದು. ಅವನ ಮೇಲೆ ಹೊರಿಸಿದ ತಪ್ಪುಗಳಲ್ಲಿ ಹೆಚ್ಚಿನವು ಅವನ ಸುತ್ತಲಿನ ದೊಡ್ಡವರವು, ಅವನನ್ನು ಬರೆದವರವು.

ವೆಸ್ಲಿ ಯಾರು ಎಂಬುದನ್ನು ಧಾರಾವಾಹಿ ನೋಡದವರಿಗಾಗಿ ಹೇಳಬೇಕು. ಕಥೆ ನಡೆಯುವುದು 24ನೆಯ ಶತಮಾನದಲ್ಲಿ. ಸಾವಿರ ಜನ ಸಂಸಾರ ಸಮೇತ ವಾಸಿಸುವ ಬೃಹತ್ ನೌಕೆ ಎಂಟರ್‌ಪ್ರೈಸ್. ವೆಸ್ಲಿಯ ತಂದೆ ಜ್ಯಾಕ್ ಕ್ರಷರ್ ಹಿಂದೊಮ್ಮೆ ಪಿಕಾರ್ಡ್‌ನ ಕೈಕೆಳಗೆ ಕೆಲಸ ಮಾಡುತ್ತಿದ್ದಾಗ ಸತ್ತವನು. ಶವವನ್ನು ಮನೆಗೆ ತಂದವನು ಪಿಕಾರ್ಡ್. ಈಗ ತಾಯಿ ಬೆವರ್ಲಿ ಅದೇ ಪಿಕಾರ್ಡ್‌ನ ನೌಕೆಗೆ ಮುಖ್ಯ ವೈದ್ಯೆಯಾಗಿ ಬಂದಿದ್ದಾಳೆ. ಅಪ್ಪನನ್ನು ಸಾವಿಗೆ ಕಳಿಸಿದ ಕ್ಯಾಪ್ಟನ್ನನ ಮೆಚ್ಚುಗೆಗಾಗಿ ಮಗ ಹಂಬಲಿಸುತ್ತಾನೆ. ಎಂಥ ಗಟ್ಟಿಯಾದ ಬೀಜ ಇದು! ಇದರಿಂದ ಒಂದು ದೊಡ್ಡ ನಾಟಕವನ್ನೇ ಕಟ್ಟಬಹುದಿತ್ತು. ಮೊದಲ ವರ್ಷದ ಬರಹಗಾರರು ಅದನ್ನು ಮುಟ್ಟಿದ್ದೇ ಕಡಿಮೆ.

ಧಾರಾವಾಹಿಯ ಕರ್ತೃ ಜೀನ್ ರಾಡನ್‌ಬೆರಿಯವರ ಪೂರ್ಣ ಹೆಸರು ಯೂಜೀನ್ ವೆಸ್ಲಿ ರಾಡನ್‌ಬೆರಿ. ಹುಡುಗನಿಗೆ ಅವರು ತಮ್ಮದೇ ಹೆಸರಿನ ಭಾಗ ಕೊಟ್ಟರು. ಆದರೆ ಅವರೇ ಹಾಕಿಟ್ಟ ನಿಯಮವೊಂದು ಹುಡುಗನ ಕುತ್ತಿಗೆಗೆ ಬಂತು. 24ನೆಯ ಶತಮಾನದ ಮನುಷ್ಯರು ಪರಿಪಕ್ವರು, ನೌಕೆಯ ಅಧಿಕಾರಿಗಳ ನಡುವೆ ಅಸೂಯೆ ಜಗಳ ಸಣ್ಣತನ ಇರಕೂಡದು ಎಂಬುದು ಅವರ ಪಟ್ಟು. ಬರಹಗಾರರು ಇದರೊಡನೆ ಏಗಲಾರದೆ ಏಗಿದರು. ಮೊದಲ ಸೀಸನ್ನಿನಲ್ಲೇ ಹಲವರು ತಂಡ ಬಿಟ್ಟು ಹೋದರು. ಹಿರಿಯರು ಒಬ್ಬರಿಗೊಬ್ಬರು ಎದುರಾಡುವಂತಿಲ್ಲ, ಹಿರಿಯರಲ್ಲಿ ಹುಳುಕೂ ಇರುವಂತಿಲ್ಲ ಎಂದಾಗ, ಒಬ್ಬ ಹುಡುಗ ಅವರಿಗಿಂತ ಮುಂದಾಗಿ ಒಂದು ವಿಷಯ ಕಂಡುಕೊಳ್ಳಬೇಕಾದರೆ ಬರಹಗಾರನಿಗೆ ಉಳಿಯುವ ಸುಲಭದ ದಾರಿ ಯಾವುದು? ಆ ನಲವತ್ತು ನಿಮಿಷದ ಮಟ್ಟಿಗೆ ಹಿರಿಯರನ್ನು ಕಿವುಡರನ್ನಾಗಿ ಮಾಡುವುದು.

ಜಾಣ ಹುಡುಗರು ನಮ್ಮ ಪುರಾಣಗಳಲ್ಲೂ ಇದ್ದಾರೆ. ಚಕ್ರವ್ಯೂಹಕ್ಕೆ ನುಗ್ಗಿದ ಅಭಿಮನ್ಯುವಿನ ಮೇಲೆ, ಹೆತ್ತ ತಂದೆಯನ್ನೇ ಕಾಳಗದಲ್ಲಿ ಕೆಡವಿದ ಬಬ್ರುವಾಹನನ ಮೇಲೆ ನಮಗೆ ಮುನಿಸಿಲ್ಲ. ವ್ಯೂಹ ರಚಿಸಿದವನು ದ್ರೋಣ, ಬಿದ್ದ ತಂದೆ ಅರ್ಜುನ. ಎದುರಿಗಿದ್ದವರು ಸಣ್ಣವರಲ್ಲವಾದ್ದರಿಂದ ಹುಡುಗರ ಪರಾಕ್ರಮ ನಮಗೆ ದಕ್ಕುತ್ತದೆ. ವೆಸ್ಲಿಗೆ ಆ ಭಾಗ್ಯ ಸಿಗಲಿಲ್ಲ. ಅವನು ಗೆಲ್ಲಲಿ ಎಂದು ಅವನ ಸುತ್ತಲಿನವರನ್ನು ಕುಗ್ಗಿಸಿದರು. ವೀಕ್ಷಕರಿಗೆ ಸಿಟ್ಟು ಬಂದದ್ದು ಸಹಜ. ಬರಹಗಾರ ಪರದೆಯ ಮೇಲೆ ಕಾಣುವುದಿಲ್ಲ, ಹುಡುಗ ಕಾಣುತ್ತಾನೆ. ಸಿಟ್ಟೆಲ್ಲ ಅವನ ಮೇಲೆ ಹೋಯಿತು.

ವಾರವಾರವೂ ನೌಕೆಯನ್ನು ಉಳಿಸುವ ಹುಡುಗ ಎಂಬ ದೂರು ಎಲ್ಲರ ಬಾಯಲ್ಲೂ ಇದೆ. ಕಂತುಗಳನ್ನು ಬಿಚ್ಚಿ ನೋಡಿದರೆ ಇದು ನಿಲ್ಲುವುದಿಲ್ಲ. ‘ದಿ ನೇಕೆಡ್ ನೌ’ದಲ್ಲಿ ನೌಕೆಗೆಲ್ಲ ಅಮಲಿನಂಥ ಸೋಂಕು ಹರಡಿದಾಗ ಎಂಜಿನ್ ವಿಭಾಗವನ್ನು ವಶಪಡಿಸಿಕೊಂಡು ಅಪಾಯ ಹೆಚ್ಚಿಸಿದವನು ವೆಸ್ಲಿಯೇ. ಆಮೇಲೆ ಅದಕ್ಕೆ ಪರಿಹಾರವನ್ನೂ ಹುಡುಕುತ್ತಾನೆ ನಿಜ. ಮೂರನೆಯ ಸೀಸನ್ನಿನ ‘ಎವಲ್ಯೂಷನ್’ನಲ್ಲಿ ಓದಿನ ಪ್ರಯೋಗ ಮಾಡುತ್ತ ನಿದ್ದೆಹೋಗಿ, ಸೂಕ್ಷ್ಮ ಯಂತ್ರಗಳು ತಪ್ಪಿಸಿಕೊಳ್ಳಲು ಕಾರಣನಾಗುತ್ತಾನೆ. ಅವು ನೌಕೆಯ ಕಂಪ್ಯೂಟರನ್ನೇ ಕೆಡಿಸುತ್ತವೆ. ತಪ್ಪು ತನ್ನದಿರಬಹುದು ಎಂದು ಗೊತ್ತಾದಾಗಿನ ಅವನ ಒದ್ದಾಟ ಪರೀಕ್ಷೆಯ ರಾತ್ರಿ ನಿದ್ದೆಗೆಟ್ಟ ಯಾವ ವಿದ್ಯಾರ್ಥಿಗೂ ಅರ್ಥವಾಗುವಂಥದ್ದು.

ಅಹಂಕಾರಿ ಎಂಬ ದೂರಿಗೆ ‘ಪೆನ್ ಪ್ಯಾಲ್ಸ್’ ಕಂತೇ ಉತ್ತರ. ಗ್ರಹಗಳ ಭೂಗರ್ಭ ಸಮೀಕ್ಷೆಯ ತಂಡಕ್ಕೆ ವೆಸ್ಲಿ ಮುಖ್ಯಸ್ಥನಾಗುತ್ತಾನೆ. ತಂಡದವರೆಲ್ಲ ಅವನಿಗಿಂತ ಹಿರಿಯರು. ಅವನು ಬೇಕೆಂದ ಪರೀಕ್ಷೆಯೊಂದಕ್ಕೆ ಒಬ್ಬ ತಕರಾರು ತೆಗೆದೊಡನೆ ಹುಡುಗ ಹಿಂದೆ ಸರಿಯುತ್ತಾನೆ. ತನ್ನ ಎಣಿಕೆ ಸರಿಯೆಂದು ಗೊತ್ತಿದ್ದೂ ದೊಡ್ಡವರಿಗೆ ಹೇಳಿ ಮಾಡಿಸಲು ನಾಲಿಗೆ ಏಳುವುದಿಲ್ಲ. ಕ್ಯಾಪ್ಟನ್ನನ ನಂತರದ ಸ್ಥಾನದಲ್ಲಿರುವ ಫಸ್ಟ್ ಆಫೀಸರ್ ರೈಕರ್‌ನ ಬಳಿ ಹೋಗಿ ತನ್ನ ಅಳುಕು ಹೇಳಿಕೊಳ್ಳುತ್ತಾನೆ. ಧೈರ್ಯ ಕೂಡಿಸಿಕೊಂಡು ಮರಳಿ ಬಂದು ಆ ಪರೀಕ್ಷೆ ಮಾಡಿಸುತ್ತಾನೆ. ಗರ್ವಿಷ್ಠನಾಗಿದ್ದರೆ ಈ ಕಂತಿಗೆ ಕಥೆಯೇ ಇರುತ್ತಿರಲಿಲ್ಲ.

ಸೋಲನ್ನೂ ಅವನು ಕಂಡಿದ್ದಾನೆ. ಮೊದಲ ಸೀಸನ್ನಿನ ‘ಕಮಿಂಗ್ ಆಫ್ ಏಜ್’ನಲ್ಲಿ ಎಂಟರ್‌ಪ್ರೈಸ್ ಸೇರಿರುವ ಅಂತರಿಕ್ಷ ಪಡೆ ಸ್ಟಾರ್‌ಫ್ಲೀಟ್‌ನ ಅಕಾಡೆಮಿಗೆ ಪ್ರವೇಶ ಪರೀಕ್ಷೆ ಬರೆದು ಕೂದಲೆಳೆಯಲ್ಲಿ ಸೋಲುತ್ತಾನೆ. ಗೆದ್ದವನು ಮೊರ್ಡಾಕ್ ಎಂಬ ಸಹ ಅಭ್ಯರ್ಥಿ. ನಡುವೆ ತನಗೆ ನೆರವಾಗಲು ನಿಂತದ್ದರಿಂದಲೇ ವೆಸ್ಲಿ ಹಿಂದೆ ಬಿದ್ದ ಎಂದು ಸ್ವತಃ ಮೊರ್ಡಾಕ್‌ನೇ ಹೇಳುತ್ತಾನೆ. ಅದೇ ಕಂತಿನಲ್ಲಿ ಇನ್ನೊಂದು ಪರೀಕ್ಷೆ ಇದೆ, ಅಭ್ಯರ್ಥಿಯ ಅತಿ ದೊಡ್ಡ ಭಯವನ್ನೇ ಅವನ ಮುಂದೆ ತಂದು ನಿಲ್ಲಿಸುವಂಥದ್ದು. ಸ್ಫೋಟಗೊಂಡ ಪ್ರಯೋಗಾಲಯದಲ್ಲಿ ಇಬ್ಬರು ಸಿಕ್ಕಿಕೊಂಡಿದ್ದಾರೆ, ಒಬ್ಬನನ್ನು ಬಿಟ್ಟು ಒಬ್ಬನನ್ನು ಉಳಿಸಬೇಕು. ಅಪ್ಪನ ಸಾವು ಹುಡುಗನ ಎದೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ನಮಗೆ ಮೊದಲ ಸಲ ಗೊತ್ತಾಗುವುದು ಇಲ್ಲಿ. ಎರಡು ವರ್ಷಗಳ ಬಳಿಕ ಮತ್ತೆ ಅಕಾಡೆಮಿಗೆ ಹೊರಟಾಗ, ಅಪಹರಣಕ್ಕೊಳಗಾದ ಸಹೋದ್ಯೋಗಿಗಳ ಸುಳಿವು ಕೊನೆಗಳಿಗೆಯಲ್ಲಿ ಹೊಳೆದು ನೌಕೆಯಲ್ಲೇ ಉಳಿದುಬಿಡುತ್ತಾನೆ. ಆ ವರ್ಷದ ಅವಕಾಶವೂ ಕೈತಪ್ಪುತ್ತದೆ.

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ವೆಸ್ಲಿಯನ್ನು ಹಂಗಿಸುವವರು ಎತ್ತಿ ಹೇಳುವ ಇನ್ನೊಂದು ಮಾತಿದೆ. ಅದು 1987ರ ‘ಜಸ್ಟಿಸ್’ ಕಂತಿನದು. ಅನ್ಯಗ್ರಹವೊಂದರಲ್ಲಿ ಚೆಂಡು ಹಿಡಿಯಲು ಹೋಗಿ ನಿಷೇಧಿತ ಹೂದೋಟದ ಮೇಲೆ ಬೀಳುತ್ತಾನೆ. ಆ ನಾಡಿನಲ್ಲಿ ಎಂಥ ಚಿಕ್ಕ ತಪ್ಪಿಗೂ ಮರಣದಂಡನೆಯೇ ಶಿಕ್ಷೆ. ಕೇಳಿದಾಗ ಹುಡುಗ ಮುಚ್ಚಿಡುವುದಿಲ್ಲ. ತಾನು ಸ್ಟಾರ್‌ಫ್ಲೀಟಿನವನು, ನಾವು ಸುಳ್ಳಾಡುವುದಿಲ್ಲ ಎಂಬರ್ಥದ ಮಾತನ್ನು ಎದೆಯುಬ್ಬಿಸಿ ಹೇಳುತ್ತಾನೆ. ಜನ ಇದಕ್ಕೆ ನಕ್ಕರು, ಇಂದಿಗೂ ನಗುತ್ತಾರೆ. ಸಂಸ್ಥೆಯೊಂದನ್ನು ಪೂರ್ತಿಯಾಗಿ ನಂಬಿದ ಎಳೆಯನೊಬ್ಬ ಹಾಗಲ್ಲದೆ ಇನ್ನು ಹೇಗೆ ಮಾತಾಡಬೇಕು? ಆ ಮಾತಿನ ಎಳಸುತನ ಪಾತ್ರದ ವಯಸ್ಸಿನದು. ಅದು ಅಲ್ಲಿಗೇ ನಿಂತುಹೋಗಿದ್ದರೆ ನಗುವವರ ಜೊತೆ ಜಗಳಕ್ಕೆ ನನ್ನ ಬಳಿ ಹೆಚ್ಚು ಸರಕು ಇರುತ್ತಿರಲಿಲ್ಲ. ಅದು ಅಲ್ಲಿಗೆ ನಿಲ್ಲಲಿಲ್ಲ.

1992ರ ಮಾರ್ಚ್‌ನಲ್ಲಿ ಬಂದ ‘ದಿ ಫಸ್ಟ್ ಡ್ಯೂಟಿ’ಯಲ್ಲಿ ವೆಸ್ಲಿ ಅಕಾಡೆಮಿಯ ಕೆಡೆಟ್. ಹೆಸರಾಂತ ನೋವಾ ಸ್ಕ್ವಾಡ್ರನ್ ತಂಡದವನು. ಪದವಿ ಸಮಾರಂಭದ ಪ್ರದರ್ಶನಕ್ಕಾಗಿ ತಾಲೀಮು ನಡೆಸುವಾಗ ಶನಿಗ್ರಹದ ಬಳಿ ಅಪಘಾತವಾಗಿ ಜೋಶುವಾ ಆಲ್ಬರ್ಟ್ ಎಂಬ ಗೆಳೆಯ ಸಾಯುತ್ತಾನೆ. ನಿಜಸಂಗತಿ ಏನೆಂದರೆ ತಂಡದ ನಾಯಕ ಲೊಕಾರ್ನೊನ ಒತ್ತಾಯಕ್ಕೆ ಮಣಿದು ಅವರೆಲ್ಲ ನೂರು ವರ್ಷಕ್ಕೂ ಹಿಂದೆ ನಿಷೇಧಿಸಿದ್ದ ಅಪಾಯಕಾರಿ ಕಸರತ್ತೊಂದನ್ನು ಮಾಡಲು ಹೋಗಿದ್ದರು. ವಿಚಾರಣೆಯಲ್ಲಿ ಅದನ್ನು ಮುಚ್ಚಿಡುತ್ತಾರೆ. ಜೋಶುವಾ ಗಾಬರಿಗೊಂಡು ತಪ್ಪಿದ ಎಂದು ಸತ್ತವನ ಮೇಲೆಯೇ ಭಾರ ಹಾಕುತ್ತಾರೆ. ನಾವು ಸುಳ್ಳಾಡುವುದಿಲ್ಲ ಎಂದಿದ್ದ ಹುಡುಗ ವಿಚಾರಣಾ ಮಂಡಳಿಯ ಮುಂದೆ ಸುಳ್ಳಾಡುತ್ತಾನೆ.

ಈ ಕಂತಿನಲ್ಲಿ ಒಂದು ಸನ್ನಿವೇಶ ಬಹಳ ಕಠಿಣವಾದದ್ದು. ಸತ್ತ ಹುಡುಗನ ತಂದೆ ವೆಸ್ಲಿಯ ಕೋಣೆಗೆ ಬರುತ್ತಾನೆ. ಮಗನ ಬಗ್ಗೆ ನಾಲ್ಕು ಮಾತಾಡಿ, ನನ್ನ ಮಗ ನಿಮ್ಮ ತಂಡಕ್ಕೆ ಕೆಟ್ಟ ಹೆಸರು ತಂದ, ಕ್ಷಮಿಸಿ ಎಂದು ಕೇಳಿಕೊಳ್ಳುತ್ತಾನೆ. ತಂದೆಯಿಲ್ಲದೆ ಬೆಳೆದ ಹುಡುಗ, ಮಗನನ್ನು ಕಳೆದುಕೊಂಡ ತಂದೆ. ವೆಸ್ಲಿ ಏನೂ ಹೇಳಲಾರದೆ ನಿಲ್ಲುತ್ತಾನೆ. ವೆಸ್ಲಿಯ ಪಾತ್ರಧಾರಿ ವಿಲ್ ವೀಟನ್ ಇಲ್ಲಿ ಮಾತಿಲ್ಲದೆ ಮಾಡಿದ ನಟನೆಯನ್ನು ಒಮ್ಮೆ ನೋಡಿದವರು ಆ ಪಾತ್ರವನ್ನು ಹಗುರವಾಗಿ ಆಡಿಕೊಳ್ಳುವುದು ಹೇಗೆಂದು ನನಗೆ ಅರ್ಥವಾಗುವುದಿಲ್ಲ.

ಪಿಕಾರ್ಡ್ ಸತ್ಯವನ್ನು ಪತ್ತೆಹಚ್ಚುತ್ತಾನೆ. ಸ್ಟಾರ್‌ಫ್ಲೀಟಿನ ಪ್ರತಿ ಅಧಿಕಾರಿಯ ಮೊದಲ ಕರ್ತವ್ಯ ಸತ್ಯಕ್ಕೆ ಎಂದು ಹುಡುಗನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ ಎನ್ನುತ್ತಾನೆ. ‘ಜಸ್ಟಿಸ್’ನಲ್ಲಿ ಹುಡುಗ ಆಡಿದ್ದ ಮಾತನ್ನೇ ಅವನು ಈಗ ಮರಳಿ ಕೇಳಿಸಿಕೊಳ್ಳಬೇಕಾಗಿದೆ. ಐದು ವರ್ಷದ ಹಿಂದೆ ಅದನ್ನಾಡಲು ಅವನು ಎರಡು ಸಲ ಯೋಚಿಸಿರಲಿಲ್ಲ. ಇವತ್ತು ಅದನ್ನು ನಿಜಮಾಡಲು ಗೆಳೆಯರನ್ನು, ಮಾನವನ್ನು, ಭವಿಷ್ಯವನ್ನು ಒತ್ತೆಯಿಡಬೇಕು. ವೆಸ್ಲಿ ತುಂಬಿದ ಸಭೆಯಲ್ಲಿ ಎದ್ದುನಿಂತು ನಡೆದದ್ದನ್ನು ಹೇಳುತ್ತಾನೆ. ಲೊಕಾರ್ನೊ ಹೊಣೆಯನ್ನೆಲ್ಲ ತಾನೇ ಹೊತ್ತು ಅಕಾಡೆಮಿಯಿಂದ ಹೊರಬೀಳುತ್ತಾನೆ. ಉಳಿದವರು ಒಂದು ವರ್ಷ ಕಳೆದುಕೊಳ್ಳುತ್ತಾರೆ. ಸಹಪಾಠಿಗಳ ಮುಖ ನೋಡಿಕೊಂಡು ಅದೇ ಅಂಗಳದಲ್ಲಿ ವೆಸ್ಲಿ ಮತ್ತೆ ಓದಬೇಕು.

ಈ ಕಂತನ್ನು ಬರೆದವರಲ್ಲಿ ಒಬ್ಬರಾದ ರೊನಾಲ್ಡ್ ಮೂರ್‌ಗೂ ತಂಡದ ಮುಖ್ಯಸ್ಥ ಮೈಕಲ್ ಪಿಲ್ಲರ್‌ಗೂ ಕೊನೆಯ ಬಗ್ಗೆ ಭಿನ್ನಾಭಿಪ್ರಾಯವಿತ್ತು. ವೆಸ್ಲಿ ಗೆಳೆಯರಿಗೆ ಕೊಟ್ಟ ಮಾತಿಗೆ ನಿಲ್ಲಬೇಕು ಎಂಬುದು ಮೂರ್ ಅವರ ಒಲವು, ಸತ್ಯ ಹೇಳಲೇಬೇಕು ಎಂಬುದು ಪಿಲ್ಲರ್ ಅವರದು. ಪಿಲ್ಲರ್ ಗೆದ್ದರು. ಒಂದು ಪಾತ್ರದ ನಡತೆಯ ಬಗ್ಗೆ ಬರಹಗಾರರೇ ಹೀಗೆ ಎರಡು ಬಣವಾಗುವಷ್ಟು ಅದು ಜೀವಂತವಾಗಿತ್ತು ಎಂಬುದನ್ನು ಗಮನಿಸಬೇಕು. ಅಷ್ಟು ಹೊತ್ತಿಗೆ ಪಾತ್ರಕ್ಕೆ ಹೆಸರು ಕೊಟ್ಟ ರಾಡನ್‌ಬೆರಿ ತೀರಿಕೊಂಡು ಕೆಲವು ತಿಂಗಳಾಗಿದ್ದವು.

ವೆಸ್ಲಿಯ ಈ ಬೆಳವಣಿಗೆಯ ಹಿಂದೆ ಇನ್ನೆರಡು ಕಂತುಗಳ ಕೆಲಸವಿದೆ. ‘ದಿ ಬಾಂಡಿಂಗ್’ನಲ್ಲಿ, ತಾಯಿಯನ್ನು ಕಳೆದುಕೊಂಡ ಪುಟ್ಟ ಹುಡುಗನೊಬ್ಬನ ಎದುರು ವೆಸ್ಲಿ ತಾನು ವರ್ಷಗಟ್ಟಲೆ ಪಿಕಾರ್ಡ್ ಮೇಲೆ ಸಿಟ್ಟಿಟ್ಟುಕೊಂಡಿದ್ದೆ ಎಂದು, ಪಿಕಾರ್ಡ್ ಇದ್ದಂತೆಯೇ, ಹೇಳಿಬಿಡುತ್ತಾನೆ. 1990ರ ‘ಫೈನಲ್ ಮಿಷನ್’ನಲ್ಲಿ ಮರಳುಗಾಡಿನ ಉಪಗ್ರಹವೊಂದರಲ್ಲಿ ಪಿಕಾರ್ಡ್ ಗಾಯಗೊಂಡು ಬಿದ್ದಿದ್ದಾನೆ. ವೆಸ್ಲಿ ಅವನ ಜೀವ ಹಿಡಿದಿಟ್ಟುಕೊಂಡು ಕುಳಿತಿದ್ದಾನೆ. ನಾನು ಮಾಡಿದ್ದೆಲ್ಲ ನೀವು ನನ್ನ ಬಗ್ಗೆ ಹೆಮ್ಮೆಪಡಲೆಂದೇ ಎನ್ನುತ್ತಾನೆ. ಹುಡುಗನ ಆ ಅತಿ ಉತ್ಸಾಹದ, ಸದಾ ಕೈಯೆತ್ತುವ, ಎಲ್ಲದಕ್ಕೂ ಉತ್ತರ ಸಿದ್ಧವಿರುವ ಸ್ವಭಾವಕ್ಕೆ ಇಷ್ಟು ಸರಳವಾದ ಕಾರಣವಿತ್ತು.

1994ರ ‘ಜರ್ನೀಸ್ ಎಂಡ್’ ಬಗ್ಗೆ ನನಗೆ ಒಂದು ತಕರಾರಿದೆ. ಡೊರ್ವನ್ ಎಂಬ ಗ್ರಹದಲ್ಲಿ ನೆಲೆಸಿದ ಅಮೆರಿಕದ ಮೂಲನಿವಾಸಿಗಳನ್ನು, ಇಂಥ ಬುಡಕಟ್ಟಿನವರು ಎಂದೂ ಹೇಳದೆ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ತೋರಿಸಿದ್ದಾರೆ. ಅಷ್ಟಾದರೂ ವೆಸ್ಲಿಯ ಕಥೆಗೆ ಇದಕ್ಕಿಂತ ಪ್ರಾಮಾಣಿಕವಾದ ಮುಕ್ತಾಯ ಸಿಗುತ್ತಿರಲಿಲ್ಲ. ಕಾರ್ಡೇಷಿಯನ್ನರೆಂಬ ಅನ್ಯಗ್ರಹದವರ ಜೊತೆ ಮಾಡಿಕೊಂಡ ಗಡಿ ಒಪ್ಪಂದಕ್ಕಾಗಿ ಆ ಜನರನ್ನು ಒಕ್ಕಲೆಬ್ಬಿಸುವ ಆಜ್ಞೆ ಪಿಕಾರ್ಡ್‌ಗೆ ಬಂದಿದೆ. ಅವನಿಗೆ ಅದು ಹಿಡಿಸಿಲ್ಲ, ಆದರೂ ಪಾಲಿಸಲು ಹೊರಟಿದ್ದಾನೆ. ವೆಸ್ಲಿ ಊರಿನವರಿಗೆ ವಿಷಯ ತಿಳಿಸಿಬಿಡುತ್ತಾನೆ. ಪಿಕಾರ್ಡ್ ಕೆರಳಿದಾಗ ಅಕಾಡೆಮಿಗೆ ರಾಜೀನಾಮೆ ಕೊಟ್ಟು ನಡೆಯುತ್ತಾನೆ.

ಹುಡುಗನ ಭವಿಷ್ಯವನ್ನು ಮೊದಲಿನಿಂದಲೂ ದೊಡ್ಡವರೇ ಬರೆದಿದ್ದರು. ಮೊದಲ ಸೀಸನ್ನಿನಲ್ಲಿ ‘ಟ್ರಾವೆಲರ್’ ಎಂಬ ಅನ್ಯಗ್ರಹದ ಅತಿಥಿ ವೆಸ್ಲಿಯನ್ನು ಮೊಜಾರ್ಟ್‌ಗೆ ಹೋಲಿಸಿ, ಈ ಮಾತು ಹುಡುಗನಿಗೆ ತಿಳಿಯಬಾರದು, ಪ್ರೋತ್ಸಾಹ ಕೊಟ್ಟರೆ ಸಾಕು ಎಂದು ಪಿಕಾರ್ಡ್‌ಗೆ ಹೇಳಿಹೋಗಿದ್ದ. ಪಿಕಾರ್ಡ್ ಅವನಿಗೆ ಹಂಗಾಮಿ ಎನ್‌ಸೈನ್ ಹುದ್ದೆ ಕೊಟ್ಟದ್ದು ಆಮೇಲೆ. ಪ್ರೇಕ್ಷಕರಿಗೆ ಕಣ್ಣುರಿ ತಂದ ಆ ಹುದ್ದೆಯ ನಿಜವಾದ ಕಾರಣ ಪಡೆದವನಿಗೇ ಗೊತ್ತಿರಲಿಲ್ಲ. ಅಪ್ಪನ ಹಾದಿ, ಕ್ಯಾಪ್ಟನ್ನನ ಹಾರೈಕೆ, ಅಮ್ಮನ ನಿರೀಕ್ಷೆ ಇವೆಲ್ಲ ಸೇರಿ ಕಟ್ಟಿದ ರಸ್ತೆಯಲ್ಲಿ ಏಳು ವರ್ಷ ನಡೆದು, ಇದು ನನ್ನದಲ್ಲ ಎಂದು ಹೇಳುವುದಕ್ಕೆ ಎಂಥ ಎದೆಗಾರಿಕೆ ಬೇಕು! ಡಾಕ್ಟರನೋ ಎಂಜಿನಿಯರನೋ ಆಗಲೇಬೇಕೆಂದು ಮನೆಮಂದಿ ತೀರ್ಮಾನಿಸಿದ ಮಕ್ಕಳಿರುವ ನಮ್ಮ ಊರುಗಳಲ್ಲಿ ಇದನ್ನು ವಿವರಿಸಿ ಹೇಳಬೇಕಿಲ್ಲ. ಸ್ಟಾರ್‌ಫ್ಲೀಟನ್ನು ಮಾನವಕುಲದ ಅತ್ಯುತ್ತಮ ಸಾಧನೆ ಎಂದು ಏಳು ವರ್ಷ ಕೊಂಡಾಡಿದ ಧಾರಾವಾಹಿಯಲ್ಲಿ, ಅದನ್ನು ಅತಿ ಹೆಚ್ಚು ಪ್ರೀತಿಸಿದ ಹುಡುಗನೇ ಅದರ ಆಜ್ಞೆಯೊಂದು ಅನ್ಯಾಯದ್ದು ಎಂದು ಹೊರನಡೆದ.

ಬರಹಗಾರರು ವೆಸ್ಲಿಯಿಂದ ಪಾಠ ಕಲಿತರು ಎನ್ನಲು ಮುಂದಿನ ಧಾರಾವಾಹಿ ‘ಡೀಪ್ ಸ್ಪೇಸ್ ನೈನ್’ ಇದೆ. ಅಲ್ಲಿನ ಕ್ಯಾಪ್ಟನ್ನನ ಮಗ ಜೇಕ್ ಸಿಸ್ಕೊ ಸ್ಟಾರ್‌ಫ್ಲೀಟ್ ಬೇಡವೆಂದು ಬರಹಗಾರನಾಗುತ್ತಾನೆ. ಅವನ ಗೆಳೆಯ ನಾಗ್ ಅಕಾಡೆಮಿ ಸೇರುತ್ತಾನೆ, ಯುದ್ಧದಲ್ಲಿ ಕಾಲು ಕಳೆದುಕೊಳ್ಳುತ್ತಾನೆ, ಆ ಆಘಾತದಿಂದ ಚೇತರಿಸಿಕೊಳ್ಳಲು ಒಂದು ಇಡೀ ಕಂತನ್ನು ಅವನಿಗಾಗಿ ಮೀಸಲಿಡುತ್ತಾರೆ. ಇಬ್ಬರೂ ವೀಕ್ಷಕರಿಗೆ ಪ್ರಿಯರಾದರು. ಅವರ ಸುತ್ತಲಿನ ದೊಡ್ಡವರಿಗೆ ದೋಷಗಳಿದ್ದವು, ಕಿವಿಯೂ ಇತ್ತು. ಅದಕ್ಕೂ ಮೊದಲು ಬ್ರಿಟನ್ನಿನ ‘ಡಾಕ್ಟರ್ ಹೂ’ದಲ್ಲಿ ಗಣಿತದ ಮೇಧಾವಿ ಆಡ್ರಿಕ್ ಎಂಬ ಹುಡುಗನಿದ್ದ. ಅವನೂ ಬಹಳ ಜನಕ್ಕೆ ಬೇಡವಾದವನು. 1982ರಲ್ಲಿ ಅವನನ್ನು ಕಥೆಯಲ್ಲಿ ಸಾಯಿಸಿದರು. ವೆಸ್ಲಿಯ ಬರಹಗಾರರು ಅಂಥ ಸುಲಭದ ದಾರಿ ಹಿಡಿಯಲಿಲ್ಲ ಎಂಬುದಕ್ಕೆ ನಾನು ಅವರಿಗೆ ಕೃತಜ್ಞ.

ಪಾತ್ರದ ಮೇಲಿನ ದ್ವೇಷ ಪಾತ್ರದಲ್ಲೇ ನಿಂತಿದ್ದರೆ ಅದನ್ನು ರುಚಿಭೇದ ಎಂದು ಬಿಡಬಹುದಿತ್ತು. 1987ರಲ್ಲಿ ಚಿತ್ರೀಕರಣ ಶುರುವಾದಾಗ ವಿಲ್ ವೀಟನ್‌ಗೆ ಹದಿನಾಲ್ಕು ವರ್ಷ. ‘ಸ್ಟ್ಯಾಂಡ್ ಬೈ ಮಿ’ ಚಿತ್ರದಲ್ಲಿ ಆಗಲೇ ಹೆಸರು ಮಾಡಿದ್ದ ಬಾಲನಟ. ಸಾಲುಗಳನ್ನು ಬರೆದವರು ಬೇರೆ, ಬೈಸಿಕೊಂಡವರು ಇವರು. ಅಭಿಮಾನಿ ಸಮಾವೇಶಗಳಲ್ಲಿ ವಯಸ್ಕರು ಒಬ್ಬ ಬಾಲಕನ ಮೇಲೆ ಕೂಗಾಡಿದರು. ಆ ದಿನಗಳ ನೋವನ್ನು ಅವರು ತಮ್ಮ ‘ಜಸ್ಟ್ ಎ ಗೀಕ್’ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ನಟನಾಗುವುದು ತನ್ನ ಸ್ವಂತ ಆಯ್ಕೆಯಾಗಿರಲಿಲ್ಲ ಎಂದೂ ಮುಂದೆ ಸಾರ್ವಜನಿಕವಾಗಿ ಹೇಳಿದ್ದಾರೆ. ಬೇರೆಯವರು ಆರಿಸಿದ ದಾರಿಯಲ್ಲಿ ನಡೆದ ಹುಡುಗನ ಪಾತ್ರವನ್ನು ಅಂಥದೇ ಹುಡುಗನೊಬ್ಬ ಆಡಿದ್ದ. ಆ ಪಾತ್ರವನ್ನು ನೋಡಿ ವಿಜ್ಞಾನದತ್ತ ಹೊರಳಿದವರೂ ಇದ್ದಾರೆ. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಹಂಗಿಸುತ್ತಾರೆಂಬ ಹೆದರಿಕೆಗೆ ಸುಮ್ಮನಿದ್ದ ಮಕ್ಕಳಿಗೆ, ಗೊತ್ತಿದ್ದದ್ದನ್ನು ಹೇಳಿಬಿಡುವ ಒಬ್ಬನನ್ನು ಪರದೆಯ ಮೇಲೆ ಕಂಡದ್ದು ಸಣ್ಣ ಆಸರೆಯಲ್ಲ.

2022ರಲ್ಲಿ ‘ಸ್ಟಾರ್ ಟ್ರೆಕ್: ಪಿಕಾರ್ಡ್’ನ ಎರಡನೆಯ ಸೀಸನ್ನಿನ ಕೊನೆಗೆ ವೀಟನ್ ಮತ್ತೆ ವೆಸ್ಲಿಯಾಗಿ ಕಾಣಿಸಿಕೊಂಡರು. 2024ರಲ್ಲಿ ಬಂದ ‘ಪ್ರಾಡಿಜಿ’ ಆ್ಯನಿಮೇಷನ್ ಸರಣಿಯ ಎರಡನೆಯ ಸೀಸನ್ನಿನಲ್ಲಿ ನಡುವಯಸ್ಸಿನ ವೆಸ್ಲಿ ಒಂದಷ್ಟು ಹುಡುಗ ಹುಡುಗಿಯರಿಗೆ ದಾರಿ ತೋರುತ್ತಾನೆ, ತಾಯಿಯನ್ನೂ ಮತ್ತೆ ಸೇರುತ್ತಾನೆ. ಅಲ್ಲಿ ಮಕ್ಕಳು ಹೇಳಿದ್ದನ್ನು ಅವನು ಕೇಳಿಸಿಕೊಳ್ಳುತ್ತಾನೆ.

ಈ ಧಾರಾವಾಹಿಯನ್ನು ಹೊಸದಾಗಿ ನೋಡುವವರಿಗೂ ಮತ್ತೊಮ್ಮೆ ನೋಡುವವರಿಗೂ ನನ್ನದೊಂದು ಕೋರಿಕೆ. ವೆಸ್ಲಿಯ ಬಗ್ಗೆ ತೀರ್ಪು ಕೊಡುವ ಮೊದಲು ‘ಜಸ್ಟಿಸ್’, ‘ದಿ ಬಾಂಡಿಂಗ್’, ‘ಫೈನಲ್ ಮಿಷನ್’, ‘ದಿ ಫಸ್ಟ್ ಡ್ಯೂಟಿ’, ‘ಜರ್ನೀಸ್ ಎಂಡ್’ ಈ ಐದನ್ನು ಇದೇ ಕ್ರಮದಲ್ಲಿ ನೋಡಿ. ಜೊತೆಗೆ ನಿಮ್ಮ ಮನೆಯ ಹದಿನಾಲ್ಕು ಹದಿನೈದರ ಮಕ್ಕಳನ್ನೂ ಕೂರಿಸಿಕೊಂಡು ನೋಡಿ, ಅವನ ಬಗ್ಗೆ ಅವರಿಗೆ ಏನನ್ನಿಸಿತು ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ.